ಗಾಳಿಯಾಡದ ಲ್ಯಾಪ್‌ಟಾಪ್
ಕೆಲಸದ ನಡುವೆ ಲ್ಯಾಪ್‌ಟಾಪ್ ದಿಢೀರನೆ ಆಫ್ ಆದರೆ, ವೈರಸ್ ಇರಬೇಕೆಂದು ಫಾರ್ಮ್ಯಾಟ್ ಮಾಡಿಸಲು ಓಡುವವರಿದ್ದಾರೆ. ಮೈ ಕಾದಿದ್ದರೆ ಅದು ದುಡ್ಡು ದಂಡ. ಹಲವು ಇಂಟೆಲ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಅಲ್ಲಿಗೆ ಮುಟ್ಟಿದೊಡನೆ ವೇಗ ತಗ್ಗಿಸಿಕೊಳ್ಳುತ್ತವೆ. ಆಗಲೂ ಬಿಸಿ ಏರುತ್ತಲೇ ಹೋದರೆ ಚಿಪ್ ಸುಡದಿರಲೆಂದು ಯಂತ್ರ ತಾನಾಗಿಯೇ ಆಫ್ ಆಗುತ್ತದೆ.

ಮೊದಲು ಅದನ್ನು ಹಾಸಿಗೆಯಿಂದ ಮೇಜಿಗೆ ತನ್ನಿ.

ಬಹಳಷ್ಟು ಲ್ಯಾಪ್‌ಟಾಪ್‌ಗಳು ಗಾಳಿ ಎಳೆದುಕೊಳ್ಳುವುದು ತಳದ ಕಿಂಡಿಗಳಿಂದ. ದಿಂಬು, ಕಂಬಳಿ ಮುಚ್ಚುವುದು ಅವನ್ನೇ. ಚಾರ್ಜರ್ ಕಿತ್ತು, ಪೂರ್ತಿ ಆಫ್ ಮಾಡಿ, ಕಿಂಡಿಯ ದೂಳನ್ನು ಏರ್ ಬ್ಲೋವರ್‌ನಿಂದ ಬಿಟ್ಟು ಬಿಟ್ಟು ಊದಿ. ಬಾಯಲ್ಲಿ ಊದಿದರೆ ದೂಳಿನ ಜೊತೆಗೆ ತೇವವೂ ಸೇರಿಕೊಳ್ಳುತ್ತದೆ! ಹಳೆಯ ಯಂತ್ರವಾದರೆ ಒಣಗಿದ ಥರ್ಮಲ್ ಪೇಸ್ಟನ್ನು ರಿಪೇರಿಯವರಿಂದ ಬದಲಾಯಿಸಿ.

ತಣ್ಣಗಿದ್ದಾಗಲೂ ಆಫ್ ಆಗುತ್ತಿದೆಯೇ? ಬ್ಯಾಟರಿ, ಚಾರ್ಜರ್ ಪರೀಕ್ಷಿಸಿ. ತಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜಿಗೆ ಹಾಕದೆ ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.