ಮನೆಯ ನಡೆನುಡಿ ಮತ್ತು ಮಗುವಿನ ಬೆಳವಣಿಗೆ

ಮಗುವು ಉಪದೇಶದಿಂದ ಕಲಿಯುವುದು ಅಲ್ಪ; ಮನೆಯವರ ನಡೆಯನ್ನು ನೋಡಿ, ನುಡಿಯನ್ನು ಕೇಳಿ ಕಲಿಯುವುದೇ ಅಧಿಕ. ದೇವಾಲಯಕ್ಕೆ ಬರುವ ಭಾವಿಕರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಅಜ್ಜನ ಬೆರಳನ್ನು ಹಿಡಿದು ಬಂದ ಮೂರು ವರುಷದ ಕೂಸು, ಯಾರೂ ಹೇಳಿಕೊಡದೆಯೇ, ಅವನು ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಂತೆ ತಾನೂ ಒತ್ತಿಕೊಳ್ಳುತ್ತದೆ. ಆದರೆ ಅದೇ ಅಜ್ಜನು ಹೊರಗೆ ಹೂವು ಮಾರುವವಳೊಡನೆ ಒರಟು ಮಾತನಾಡಿದರೆ, ಕೂಸು ಅದನ್ನೂ ಕಲಿತುಕೊಂಡೇ ಮನೆಗೆ ಹಿಂದಿರುಗುವುದು. ಹಿರಿಯರಿಗೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಮನುಷ್ಯನ ಮೆದುಳು ಮೊದಲ 5–6 ವರುಷಗಳೊಳಗೆ ತನ್ನ ಪೂರ್ಣ ಗಾತ್ರದ ನೂರಕ್ಕೆ ಸುಮಾರು 90 ಭಾಗವನ್ನು ಪಡೆಯುವುದೆಂದು ತಜ್ಞರು ಹೇಳುತ್ತಾರೆ. ಶಾಲೆಯ ಮೆಟ್ಟಿಲನ್ನು ಹತ್ತುವುದಕ್ಕೆ ಮುಂಚೆಯೇ ಇಷ್ಟು ಕಾರ್ಯವು ಮುಗಿದಿರುತ್ತದೆ. ತೊಟ್ಟಿಲ ಕೂಸು ತೊದಲಿದಾಗ ತಾಯಿಯು ಓಗೊಡುತ್ತಾಳೆ. ಅದು ಮತ್ತೆ ತೊದಲುತ್ತದೆ, ಅವಳು ಮತ್ತೆ ನಗುತ್ತಾಳೆ. ಈ ಕೊಡುಕೊಳ್ಳುವಿಕೆಯಿಂದಲೇ ಭಾಷೆಯೂ ಧೈರ್ಯವೂ ಮೊಳೆಯುತ್ತವೆ. ಮೊಬೈಲನ್ನು ಕೈಗೆ ಕೊಟ್ಟು ಮಗುವನ್ನು ಸುಮ್ಮನಾಗಿಸಿದರೆ ಗದ್ದಲವೇನೋ ತಗ್ಗುವುದು. ಓಗೊಡುವವರು ಮಾತ್ರ ಇಲ್ಲವಾಗುವರು.

ಸಾವರ್ಡೆಯ ಸಂಸಾರಗಳಿಗೆ ಈ ವಿಚಾರವು ಬರಿಯ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಗಣಿಗಳಿಂದ ಬಂದ ಕಬ್ಬಿಣದ ಅದಿರನ್ನು ಇಲ್ಲಿಯ ಧಕ್ಕೆಗಳಲ್ಲಿ ಬಾರ್ಜುಗಳಿಗೆ ತುಂಬಿ ಮುರಗಾಂವ ಬಂದರಕ್ಕೆ ಸಾಗಿಸುತ್ತಿದ್ದ ಕಾಲದಲ್ಲಿ, ಟ್ರಕ್ಕು ಇದ್ದವನ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. 2012ರಲ್ಲಿ ಗಣಿಗಾರಿಕೆ ನಿಂತಿತು; ಅನಂತರ ಅಲ್ಪಕಾಲ ಚೇತರಿಸಿಕೊಂಡು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2018ರ ಮಾರ್ಚಿಯಲ್ಲಿ ಮತ್ತೆ ನಿಂತಿತು. ಟ್ರಕ್ಕು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲವಷ್ಟೆ. ಇಂತಹ ದಿನಗಳಲ್ಲಿ ರಾತ್ರಿಯ ಹೊತ್ತು ತಂದೆತಾಯಿಗಳು ಜಗಳವಾಡಿದರೆ, ಗೋಡೆಯಾಚೆ ಮಲಗಿದ ಮಗುವು ನಿದ್ರಿಸಿದೆಯೆಂದು ಭಾವಿಸಬಾರದು. ಬಹಳ ಎಳೆಯ ಮಕ್ಕಳು ಮನೆಯ ಕಲಹಕ್ಕೆ ತಾವೇ ಕಾರಣರೆಂದು ತಿಳಿದು ಒಳಗೊಳಗೇ ಕೊರಗುವುದುಂಟು. ಅವರ ಮಂಕುತನವನ್ನು ಶಿಕ್ಷಕರು ಸೋಮಾರಿತನವೆನ್ನುತ್ತಾರೆ. ಅದಕ್ಕೆ ಬದಲಾಗಿ, "ಈ ವರುಷ ಚೌತಿಗೆ ಹೊಸ ಅಂಗಿಯಿಲ್ಲ, ಕೆಲಸ ನಿಂತಿದೆ, ತಪ್ಪು ನಿನ್ನದಲ್ಲ" ಎಂದು ಮಗುವಿಗೆ ತಿಳಿಯುವಂತೆ ಹೇಳಿ, ಮಾಟೋಳಿ ಕಟ್ಟುವಾಗ ಅದರ ಕೈಗೂ ಒಂದು ಅಡಕೆಯ ಗೊನೆಯನ್ನು ಕೊಟ್ಟರೆ, ಕಷ್ಟವು ಮಗುವಿಗೆ ಭಯವಾಗದೆ ತಿಳುವಳಿಕೆಯಾಗುವುದು. ಲೆಕ್ಕದ ಖಾತೆಯಲ್ಲಿ ಇದಕ್ಕೆ ಖರ್ಚಿನ ಬಾಬು ಬೀಳುವುದಿಲ್ಲ.

ಲೋಂಡಾದಿಂದ ಘಟ್ಟವನ್ನಿಳಿದು ಸಾವರ್ಡೆಯ ಮೇಲೆ ವಾಸ್ಕೋಗೆ ಸಾಗುವ ರೈಲಿನಲ್ಲಿಯೇ ಧಾರವಾಡ, ಗದಗ, ವಿಜಯಪುರಗಳ ಕಡೆಯ ಅನೇಕ ಕನ್ನಡ ಕುಟುಂಬಗಳು ಹೊಟ್ಟೆಪಾಡಿಗಾಗಿ ಗೋವೆಗೆ ಬಂದವು. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷು. ಇಷ್ಟು ಭಾಷೆಗಳಿಂದ ಮಗುವು ಗಲಿಬಿಲಿಗೊಳ್ಳುವುದೆಂದು ಹೆದರಿ, ಕೆಲವರು ಮನೆಯ ಮಾತನ್ನೇ ಬಿಟ್ಟುಬಿಡುತ್ತಾರೆ. ಈ ಹೆದರಿಕೆಗೆ ಧಾರವಾಡವೇ ಉತ್ತರ ಕೊಟ್ಟಿದೆ. 1896ರಲ್ಲಿ ಅಲ್ಲಿ ಜನಿಸಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಮನೆಮಾತು ಮರಾಠಿ. ತಂದೆಯು ಬಾಲ್ಯದಲ್ಲಿಯೇ ತೀರಿಕೊಂಡರು. ಮಕ್ಕಳನ್ನು ಸಾಕಿದ ಭಾರ ತಾಯಿ ಅಂಬವ್ವನವರ ಮೇಲೆ ಬಿದ್ದಿತು. ಮನೆಯಲ್ಲಿ ಮರಾಠಿ, ಊರಿನಲ್ಲಿ ಕನ್ನಡ. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಆ ಮಗನು ಕನ್ನಡದ ವರಕವಿಯಾದನು. 1973ರ ಜ್ಞಾನಪೀಠ ಪ್ರಶಸ್ತಿಯು 'ನಾಕುತಂತಿ'ಗೆ ಬಂದಿತು. ಕಾವ್ಯನಾಮವನ್ನು ಆರಿಸಿಕೊಳ್ಳುವಾಗ ಅವರು ತಾಯಿಯ ಹೆಸರನ್ನೇ ಮುಂದಿಟ್ಟರು: ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ.

ಎಲ್ಲ ಮಕ್ಕಳೂ ಕವಿಗಳಾಗುವರೆಂದಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ದುಡಿದು ದಣಿದು ಬಂದ ತಾಯಿಯು ಒಲೆಯ ಮುಂದೆ ತನ್ನ ಮಾತಿನಲ್ಲಿಯೇ ಮಗುವಿನ ದಿನದ ಸುದ್ದಿಯನ್ನು ಕೇಳಬಹುದು. ಅಜ್ಜಿಯು ರಾತ್ರಿ ಕನ್ನಡದಲ್ಲಿ ಹೇಳಿದ ಧ್ರುವನ ಕತೆಯನ್ನು ಮೊಮ್ಮಗಳು ಮರುದಿನ ನೆರೆಮನೆಯ ಗೆಳತಿಗೆ ಕೊಂಕಣಿಯಲ್ಲಿ ಹೇಳುವಳು. ನಡುವೆ ಒಂದೆಡೆ ಮರೆತು, ಮತ್ತೆ ಅಜ್ಜಿಯ ಬಳಿಗೆ ಓಡಿ ಬರುವಳು.