ಯುದ್ಧ ಬೇಡ ಎಂದ ಮಗ ದ್ರೋಹಿಯೇ?

ಪ್ರಶ್ನೆ: ನಮ್ಮೂರು ತಿ. ನರಸೀಪುರ, ತವರು ನಂಜನಗೂಡು. ಅಣ್ಣನ ಮಗ ಸೈನ್ಯದಲ್ಲಿದ್ದಾನೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆಯುವಾಗ, ಡಿಗ್ರಿ ಓದುವ ನನ್ನ ಮಗ ‘ಯುದ್ಧ ಬೇಡ. ಪಹಲ್ಗಾಮ್‌ನಲ್ಲಿ ಭದ್ರತೆ ಎಲ್ಲಿತ್ತು?’ ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದ. ‘ದೇಶದ್ರೋಹೀನ ಸಾಕಿದ್ದೀಯ’ ಎಂದು ಬೈದ ಅಣ್ಣ ಆಮೇಲೆ ಮಾತಾಡಿಲ್ಲ. ನಂಜನಗೂಡಿನ ದೊಡ್ಡಜಾತ್ರೆಗೂ ಕರೆಯಲಿಲ್ಲ. ಮಗನಿಂದ ಕ್ಷಮೆ ಕೇಳಿಸು ಅಂತಾರೆ ಯಜಮಾನರು, ಅವನು ಒಪ್ಪುತ್ತಿಲ್ಲ. ಕೇಸಾಗಿ ಸರ್ಕಾರಿ ಕೆಲಸ ತಪ್ಪೀತೆಂಬ ಭಯ ಬೇರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ತಾಯಿ, ಆ ಮಾತಿಗಾಗಿ ಮಗನಿಂದ ಕ್ಷಮೆ ಕೇಳಿಸಬೇಡಿ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ 26 ಮಂದಿ ಸತ್ತರು, ಅವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರೂ ಇದ್ದರು. ಕಾವಲು ಎಲ್ಲಿತ್ತು ಎಂದು ಕೇಳುವುದು ಸತ್ತವರ ಪರವಾದ ಪ್ರಶ್ನೆ. ಜುಲೈನಲ್ಲಿ ಜಮ್ಮು-ಕಾಶ್ಮೀರದ ಲೆಫ್ಟಿನೆಂಟ್ ಗವರ್ನರ್ ಮನೋಜ್ ಸಿನ್ಹಾ ಅವರೇ ಭದ್ರತಾ ವೈಫಲ್ಯ ಆಗಿತ್ತೆಂದು ಒಪ್ಪಿಕೊಂಡರು.

ನಿಮ್ಮ ಎರಡೂ ತಾಲ್ಲೂಕುಗಳ ಹಳ್ಳಿಗಳು ಸೇರಿರುವ ವರುಣಾ ಕ್ಷೇತ್ರದ ಶಾಸಕರು, ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು, ಏಪ್ರಿಲ್ 26ರಂದು ಯುದ್ಧದ ಅಗತ್ಯವಿಲ್ಲ, ಭದ್ರತೆ ಬಿಗಿಯಾಗಲಿ ಎಂದದ್ದು ನಿಮಗೆ ನೆನಪಿರಬೇಕು. ಪಾಕಿಸ್ತಾನದ ಟಿವಿಗಳು ಅದನ್ನು ಎತ್ತಿ ತೋರಿಸಿದವು. ಇಲ್ಲಿ ಗದ್ದಲವಾಯಿತು. ಯುದ್ಧ ಬೇಡವೇ ಬೇಡ ಎಂದಿಲ್ಲ, ಅನಿವಾರ್ಯವಾದರೆ ಮಾತ್ರ ಎಂದೆ ಅಂತ ಅವರು ಮರುದಿನ ವಿವರಿಸಬೇಕಾಯಿತು. ಅಧಿಕಾರದಲ್ಲಿರುವವರು ಇಂಥ ಹೊತ್ತಲ್ಲಿ ಮಾತನ್ನು ತೂಗಿ ಆಡಬೇಕು, ನಿಜ. ಆದರೆ ಶತ್ರು ಬಳಸಿಕೊಂಡಾನು ಎಂದು ಊರಿಗೂರೇ ಬಾಯಿ ಮುಚ್ಚಿದರೆ ತಪ್ಪು ನಿರ್ಧಾರಗಳನ್ನು ತಿದ್ದುವವರು ಯಾರು?

1962ನ್ನು ನೋಡಿ. ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿದಾಗ ಹಿಮದಲ್ಲಿ ನಿಂತ ನಮ್ಮ ಸೈನಿಕರಿಗೆ ಸರಿಯಾದ ಬೆಚ್ಚನೆ ಬಟ್ಟೆಯೂ ಇರಲಿಲ್ಲ. ಸಂಸತ್ತು ಕೂಡಲೇ ಸೇರಲಿ ಎಂದು ವಾಜಪೇಯಿ ಒತ್ತಾಯಿಸಿದರು. ನೆಹರೂ ಒಪ್ಪಿದರು. ಕದನವಿರಾಮಕ್ಕೆ ಇನ್ನೂ ಎರಡು ವಾರವಿರುವಾಗಲೇ, ನವೆಂಬರ್ 8ರಂದು ಸದನ ಸೇರಿ ಸರ್ಕಾರದ ಮುಖದೆದುರೇ ಟೀಕೆ ನಡೆಯಿತು. ಅದಕ್ಕೂ ಮೊದಲೇ ಕಾಂಗ್ರೆಸ್ಸಿನ ಸಂಸದರೇ ಪಟ್ಟು ಹಿಡಿದದ್ದರಿಂದ ರಕ್ಷಣಾ ಸಚಿವ ಕೃಷ್ಣ ಮೆನನ್ ಹೊರನಡೆದಿದ್ದರು. ಇದೇ ಮೆನನ್ ಜೊತೆಗಿನ ಭಿನ್ನಾಭಿಪ್ರಾಯದಿಂದ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲೇ ರಾಜೀನಾಮೆ ಬರೆದು, ನೆಹರೂ ಮಾತಿಗೆ ಹಿಂತೆಗೆದುಕೊಂಡಿದ್ದರು. ಆಗಲೇ ಕಿವಿಗೊಟ್ಟಿದ್ದರೆ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಕೆಡುಕು ಮಾಡುವ ಮಾತೂ ಇದೆ. ಸೈನ್ಯ ಎಲ್ಲಿಂದ ಎಲ್ಲಿಗೆ ಹೊರಟಿದೆ, ಸೈನ್ಯದಲ್ಲಿರುವ ಭಾವ, ಅಂದರೆ ನಿಮ್ಮಣ್ಣನ ಮಗ, ಯಾವ ಜಾಗದಲ್ಲಿದ್ದಾನೆ ಎಂದು ನಿಮ್ಮ ಮಗ ಸ್ಟೇಟಸ್ ಹಾಕಿದ್ದರೆ ನಿಮ್ಮಣ್ಣನ ಸಿಟ್ಟು ನೂರಕ್ಕೆ ನೂರು ಸರಿ. ಅದು ಜೀವ ತೆಗೆಯುವ ಮಾಹಿತಿ. ಸುಳ್ಳೂ ಅಷ್ಟೇ. ಕರಾಚಿ ಬಂದರು ಧ್ವಂಸವಾಯಿತೆಂದು ಆ ದಿನಗಳಲ್ಲಿ ನಮ್ಮ ಕೆಲವು ವಾಹಿನಿಗಳು ಕೂಗಿದವಲ್ಲ, ದೇಶಪ್ರೇಮದ ಹೆಸರಿನ ಆ ಸುಳ್ಳು ನಿಮ್ಮ ಮಗನ ಪ್ರಶ್ನೆಗಿಂತ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ಖಚಿತ ನಂಬಿಕೆ. ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಪತ್ನಿ, ಮುಸ್ಲಿಮರನ್ನೋ ಕಾಶ್ಮೀರಿಗಳನ್ನೋ ದ್ವೇಷಿಸಬೇಡಿ ಎಂದದ್ದಕ್ಕೆ ಆಕೆಯನ್ನೂ ಜಾಲತಾಣಗಳಲ್ಲಿ ಹೀನಾಯವಾಗಿ ಬೈದರು. ಆ ಬೈಗುಳದಿಂದ ದೇಶಕ್ಕೆ ಏನು ಬಂತು?

ಕೇಸಿನ ವಿಷಯ. ಹಿಂಸೆಗೆ ಪ್ರಚೋದಿಸದ ಟೀಕೆ ರಾಜದ್ರೋಹವಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2024ರ ಮಾರ್ಚ್‌ನಲ್ಲಿ, ಮಹಾರಾಷ್ಟ್ರದ ಪ್ರಾಧ್ಯಾಪಕರೊಬ್ಬರ ವಾಟ್ಸಾಪ್ ಸ್ಟೇಟಸ್ ಮೇಲಿನ ಎಫ್‌ಐಆರ್ ಅನ್ನು ಅದೇ ನ್ಯಾಯಾಲಯ ರದ್ದು ಮಾಡಿತು. ಹಾಗೆಂದು ಕೇಸೇ ಬೀಳುವುದಿಲ್ಲ ಎಂದು ಧೈರ್ಯ ಹೇಳಲಾರೆ, ದೂರು ಕೊಡುವವರು ಕೊಡುತ್ತಾರೆ. ಠಾಣೆಯಿಂದ ಕರೆ ಬಂದರೆ ವಕೀಲರ ಜೊತೆ ಹೋಗಲಿ.

ಇನ್ನು ನಿಮ್ಮಣ್ಣ. ಮಗ ಗಡಿಯಲ್ಲಿರುವಾಗ ‘ಯುದ್ಧ ಬೇಡ’ ಎಂಬ ಮಾತು ಆ ತಂದೆಗೆ ‘ನಿನ್ನ ಮಗ ಮಾಡುತ್ತಿರುವುದು ತಪ್ಪು’ ಎಂದು ಕೇಳಿಸಿರಬಹುದು. ನಿಮ್ಮ ಮಗ ಹೇಳಿದ್ದು ಅದಲ್ಲ, ಆದರೆ ಅದನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಮಗನನ್ನು ಕರೆದುಕೊಂಡು ನೀವೇ ಮೊದಲು ತವರಿಗೆ ಹೋಗಿ. ‘ಮಾವ, ಭಾವ ಫೋನ್ ಮಾಡಿದ್ರಾ, ಹೇಗಿದ್ದಾರೆ?’ ಎಂದು ಅವನು ಕೇಳಲಿ. ಸ್ಟೇಟಸ್ ವಿಷಯ ಆಮೇಲೆ ಬರಲಿ. ಅಣ್ಣ ಮತ್ತೆ ಬೈದರೂ ಊಟ ಮಾಡಿಕೊಂಡೇ ಬನ್ನಿ.