ಅಂಚೆಯ ಉಗ್ರಾಣ

ವಿದ್ಯಾರ್ಥಿಗಳೇ, ಇಸ್ರೋ ಕೇಂದ್ರದ ದೆಸೆಯಿಂದ ಸ್ಯಾಟಲೈಟ್ ಎಂಬ ಹೆಸರು ಪಡೆದ ಈ ಬಡಾವಣೆಯಿಂದ ನಾವು ಊರಿನ ಅಜ್ಜಿಗೆ ಕಳುಹಿಸುವ ಮಿಂಚಂಚೆಯು ಆಕಾಶದಲ್ಲಿ ನೆಲಸುವುದಿಲ್ಲ. ಸಾಮಾನ್ಯವಾಗಿ ಯೂನಿಕ್ಸ್ ಮಾದರಿಯ ಗಣಕವೊಂದರ ಡಿಸ್ಕಿನಲ್ಲಿ ಸ್ಥಳ ಹಿಡಿಯುತ್ತದೆ. ಎಷ್ಟು ಸ್ಥಳ?

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಬೇಕು. ‘ಅಮ್ಮ’ ಎಂಬಲ್ಲಿ ಅ, ಮ, ಒತ್ತನ್ನು ಕೂಡಿಸುವ ವಿರಾಮ, ಮತ್ತೊಂದು ಮ: ಹೀಗೆ 4 ಸಂಕೇತ, 12 ಬೈಟು. ಸಾವಿರ ಸಂಕೇತಗಳ ಪತ್ರಕ್ಕೆ 3,000. ಛಾಯಾಚಿತ್ರವಾದರೋ 30 ಲಕ್ಷ ಬೈಟಿನದಿರಬಹುದು. ಸಾಗಣೆಗಾಗಿ ಬೇಸ್64 ರೂಪ ತಾಳಿದಾಗ ಅದು 40 ಲಕ್ಷಕ್ಕೆ ಉಬ್ಬುತ್ತದೆ. ಸಾವಿರ ಪತ್ರಗಳ ಜಾಗವನ್ನು ಒಂದೇ ಚಿತ್ರ ನುಂಗಿತು!

ಡಿಸ್ಕು ತುಂಬಿದರೆ ಗಣಕವು ‘ಈಗ ಸ್ಥಳವಿಲ್ಲ’ ಎನ್ನುತ್ತದೆ. ಕಳುಹಿಸಿದ ಗಣಕವು ಪತ್ರವನ್ನು ಸಾಮಾನ್ಯವಾಗಿ ನಾಲ್ಕೈದು ದಿನ ಇರಿಸಿಕೊಂಡು, ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಹಿಂದಿರುಗಿಸುತ್ತದೆ. ಅಜ್ಜಿಯ ಮರುಪತ್ರಕ್ಕೆ ಇರುವ ಗಡುವು ಅಷ್ಟೇ. ಅಷ್ಟರೊಳಗೆ ಮೇಲ್ವಿಚಾರಕನು ‘ಡಿಎಫ್’ ಎಂಬ ಆಜ್ಞೆಯಿಂದ ಉಳಿದ ಸ್ಥಳವನ್ನೂ ‘ಡಿಯು’ ಎಂಬುದರಿಂದ ಯಾರ ಪೆಟ್ಟಿಗೆ ಬೆಳೆದಿದೆಯೆಂಬುದನ್ನೂ ಕಾಣಬೇಕು. ಅಂಚೆಗೆ ಡಿಸ್ಕಿನಲ್ಲಿ ಬೇರೆಯೇ ಪಾಲು, ಪ್ರತಿಯೊಬ್ಬರಿಗೂ ಒಂದು ಮಿತಿ ಮೊದಲೇ ಗೊತ್ತುಮಾಡಿದ್ದರೆ ಲೇಸು. ಅಳಿಸಿದೊಡನೆ ಸ್ಥಳ ತೆರವಾಯಿತೆಂದು ನಂಬಲೂ ಬಾರದು: ಯಾವುದಾದರೂ ಕ್ರಮವಿಧಿಯು ಆ ಕಡತವನ್ನು ತೆರೆದುಕೊಂಡಿದ್ದರೆ ಹೆಸರು ಮಾತ್ರ ಹೋಗಿ, ಅದು ಮುಚ್ಚುವವರೆಗೂ ಭಾರವು ಉಳಿದಿರುತ್ತದೆ.